ಶಬ್ದಮೂಲದ ಹಾದಿ: ನಾರ್ಮನ್ ಲೂಯಿಸರ ಗ್ರಂಥವೊಂದರ ವಿವೇಚನೆ

ಪರಭಾಷೆಯ ಶಬ್ದಗಳನ್ನು ವಶಮಾಡಿಕೊಳ್ಳುವುದಕ್ಕೆ ಎರಡು ಹಾದಿಗಳುಂಟು. ಶಬ್ದವೊಂದು, ಅದರ ಇದಿರಿಗೆ ಅರ್ಥವೊಂದು ಎಂಬಂತೆ ಪಟ್ಟಿ ಬರೆದು ಬಾಯಿಪಾಠ ಮಾಡುವುದು ಮೊದಲನೆಯದು. ಶಬ್ದವನ್ನು ಬಿಡಿಸಿ, ಅದರ ಧಾತು ಯಾವುದು, ಮೊದಲಲ್ಲಿ ಸೇರಿದ ಉಪಸರ್ಗ ಯಾವುದು, ಕೊನೆಯಲ್ಲಿ ಹತ್ತಿದ ಪ್ರತ್ಯಯ ಯಾವುದು ಎಂದು ವಿಚಾರಿಸಿ, ಅದೇ ಧಾತುವಿನಿಂದ ಹುಟ್ಟಿದ ಬೇರೆ ಶಬ್ದಗಳನ್ನೂ ಜತೆಗೇ ಗುರುತಿಸುವುದು ಎರಡನೆಯದು. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಹೆಚ್ಚಾಗಿ ರೂಢಿಯಲ್ಲಿರುವುದು ಮೊದಲನೆಯದೇ. ಕರಿಹಲಗೆಯ ಮೇಲೆ ಹತ್ತು ಶಬ್ದ, ಕಾಪಿ ಪುಸ್ತಕದಲ್ಲಿ ಹತ್ತು ಶಬ್ದ, ಮರುದಿನ ಬಾಯಿಪಾಠ, ಮುಂದಿನ ವಾರಕ್ಕೆ ಮರವೆ.

ಇದು ಬರಿಯ ಬೋಧನಕ್ರಮದ ಪ್ರಶ್ನೆಯಾಗಿದ್ದರೆ ಇಷ್ಟು ವಿಸ್ತಾರವಾಗಿ ಬರೆಯುವ ಅಗತ್ಯವಿರಲಿಲ್ಲ. 1956ನೆಯ ನವೆಂಬರ್ 1ರಂದು ಕಾಸರಗೋಡು ಕೇರಳ ರಾಜ್ಯಕ್ಕೆ ಸೇರಿತು. ಅಂದಿನಿಂದ ಇಲ್ಲಿಯ ಕನ್ನಡ ಶಾಲೆಗಳು ತಮ್ಮ ಅಸ್ತಿತ್ವಕ್ಕೆ ಕಾರಣ ಹೇಳುತ್ತಲೇ ಬದುಕಬೇಕಾಗಿದೆ. ಅವುಗಳಿಗೆ ಬಂದಿರುವ ಆಪತ್ತುಗಳಲ್ಲಿ ಒಂದು ಹೊರಗಿನಿಂದ ಬಂದುದಲ್ಲ, ನಮ್ಮ ಮನೆಗಳಿಂದಲೇ ಹುಟ್ಟಿದ್ದು. 'ಕನ್ನಡದಲ್ಲಿ ಓದಿದ ಮಗುವಿಗೆ ಇಂಗ್ಲಿಷು ಬಾರದು' ಎಂಬ ಮಾತೇ ಅದು. ಈ ಮಾತನ್ನು ನಂಬಿ ತಂದೆತಾಯಿಗಳು ಮಗುವಿನ ಕೈ ಹಿಡಿದು ಬೇರೆ ಶಾಲೆಯ ಬಾಗಿಲಿಗೆ ನಡೆಯುತ್ತಾರೆ. ಅವರನ್ನು ದೂಷಿಸಿ ಫಲವಿಲ್ಲ. ಕನ್ನಡವು ಇಂಗ್ಲಿಷಿಗೆ ಅಡ್ಡಗೋಡೆಯೋ ಅಲ್ಲ ಮೆಟ್ಟಿಲೋ ಎಂಬುದನ್ನು ನಾವು ತರಗತಿಯಲ್ಲಿ ತೋರಿಸಿಕೊಡಬೇಕು. ಈ ದೃಷ್ಟಿಯಿಂದ, ಶಬ್ದಾಭ್ಯಾಸಕ್ಕೆ ಹೆಸರಾದ ಇಂಗ್ಲಿಷ್ ಗ್ರಂಥವೊಂದರ ಗುಣದೋಷಗಳನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಆ ಗ್ರಂಥ ಅಮೆರಿಕದ ಅಧ್ಯಾಪಕ ನಾರ್ಮನ್ ಲೂಯಿಸರ 'ವರ್ಡ್ ಪವರ್ ಮೇಡ್ ಈಸಿ'. 'ಶಬ್ದಶಕ್ತಿಯ ಸುಲಭಮಾರ್ಗ' ಎಂದು ಕನ್ನಡದಲ್ಲಿ ಹೇಳಬಹುದು. ಇದು ಮೊದಲು ಅಚ್ಚಾದುದು 1949ರಲ್ಲಿ. ಇದಕ್ಕೂ ಹಿಂದೆ, 1942ರಲ್ಲಿ, ವಿಲ್‌ಫ್ರೆಡ್ ಫಂಕ್ ಎಂಬವರೊಡನೆ ಕೂಡಿ ಮೂವತ್ತು ದಿನಗಳ ಶಬ್ದಾಭ್ಯಾಸದ ಪುಸ್ತಕವೊಂದನ್ನು ಲೂಯಿಸರು ಹೊರತಂದಿದ್ದರು. ಅವರು 2006ರಲ್ಲಿ ತೀರಿಕೊಂಡರು. ಆದರೆ ಗ್ರಂಥವು ಇಂದಿಗೂ ನಮ್ಮ ದೇಶದ ಪುಸ್ತಕದಂಗಡಿಗಳಲ್ಲಿ, ವಿಶೇಷವಾಗಿ ಉದ್ಯೋಗದ ಪರೀಕ್ಷೆಗಳಿಗೆ ಸಿದ್ಧರಾಗುವ ತರುಣರ ಕೈಗಳಲ್ಲಿ, ಕಾಣಸಿಗುತ್ತದೆ.

ಗ್ರಂಥದ ಮೊದಲ ಗುಣ ಅದರ ಅಡಕ. ಅಕಾರಾದಿಯಾಗಿ ಶಬ್ದಗಳನ್ನು ಪೇರಿಸುವ ಬದಲು, ಒಂದು ಭಾವದ ಸುತ್ತ ಹತ್ತು ಶಬ್ದಗಳನ್ನು ಲೂಯಿಸರು ಕೂಡಿಸುತ್ತಾರೆ. ಮನುಷ್ಯಸ್ವಭಾವಗಳಿಗೆ ಒಂದು ಅಧ್ಯಾಯ, ವೈದ್ಯರ ಬಗೆಗಳಿಗೆ ಒಂದು, ವಿಜ್ಞಾನಿಗಳಿಗೆ ಒಂದು, ಸುಳ್ಳು ಹೇಳುವವರಿಗೂ ಒಂದು! ಮೊದಲು ಅಂತಹ ವ್ಯಕ್ತಿಯ ವರ್ಣನೆ ಬರುತ್ತದೆ. ಅವನನ್ನು ಏನೆಂದು ಕರೆಯಬೇಕು ಎಂಬ ಕುತೂಹಲ ಓದುಗನಲ್ಲಿ ಹುಟ್ಟಿದ ಮೇಲೆ ಶಬ್ದವು ಬರುತ್ತದೆ. ಹಸಿವೆ ಮೊದಲು, ಎಲೆಯ ಮೇಲೆ ಅನ್ನ ಆಮೇಲೆ. ಪಾಠಕ್ಕೆ ಪೂರ್ವಸಿದ್ಧತೆ ಬೇಕೆಂದು ನಮಗೆ ತರಬೇತಿ ಶಾಲೆಗಳಲ್ಲಿ ಹೇಳಿಕೊಟ್ಟ ತತ್ತ್ವವೂ ಇದೇ. ಆ ಬಳಿಕ ಶಬ್ದವನ್ನು ಗಟ್ಟಿಯಾಗಿ ಉಚ್ಚರಿಸುವ ಅಭ್ಯಾಸ, ಅರ್ಥಕ್ಕೆ ಶಬ್ದ ಹೊಂದಿಸುವ ಅಭ್ಯಾಸ, ಹೌದು-ಅಲ್ಲ ಎಂಬ ಪ್ರಶ್ನೆಗಳು, ನೆನಪಿನಿಂದ ಬರೆಯುವುದು ಹೀಗೆ ಒಂದೇ ಶಬ್ದವು ನಾಲ್ಕಾರು ವೇಷಗಳಲ್ಲಿ ಮರಳಿ ಬರುತ್ತದೆ. ಬೇಸರ ಬಾರದಂತೆ ಮರಳಿಸುವ ಈ ಜಾಣ್ಮೆ ನಮ್ಮ ಪಠ್ಯಪುಸ್ತಕಕಾರರಿಗೂ ಅನುಕರಣೀಯ.

ಎರಡನೆಯ ಗುಣ ಧಾತುವಿಚಾರ. ಒಂದು ನಿದರ್ಶನ ಸಾಕು. ಮಕ್ಕಳ ವೈದ್ಯನನ್ನು 'ಪೀಡಿಯಾಟ್ರಿಷನ್' ಎನ್ನುತ್ತಾರೆ. ಇದರ ಮೊದಲ ಭಾಗಕ್ಕೆ ಗ್ರೀಕಿನಲ್ಲಿ 'ಮಗು' ಎಂದರ್ಥ. ನಮ್ಮ ಶಿಕ್ಷಣಶಾಸ್ತ್ರಕ್ಕೆ ಇಂಗ್ಲಿಷರಿಟ್ಟ 'ಪೆಡಗಾಗಿ' ಎಂಬ ಹೆಸರಿನಲ್ಲಿಯೂ ಇದೇ ಮಗು ಅಡಗಿದೆ. ಅದರ ಉತ್ತರಾರ್ಧಕ್ಕೆ 'ಕರೆದೊಯ್ಯುವುದು' ಎಂದರ್ಥ. ಪುರಾತನ ಗ್ರೀಸಿನಲ್ಲಿ ಧನಿಕರ ಮಕ್ಕಳನ್ನು ಪಾಠಶಾಲೆಗೆ ಕರೆದೊಯ್ಯುತ್ತಿದ್ದ ದಾಸನಿಗೆ ಈ ಹೆಸರಿತ್ತು. ಅಧ್ಯಾಪಕರಾದ ನಮ್ಮ ಬಿರುದಿನ ಮೂಲ ಒಬ್ಬ ದಾಸನದೆಂದು ತಿಳಿದಾಗ ನಗುವೂ ಬರುತ್ತದೆ, ವಿನಯವೂ ಬರುತ್ತದೆ. ಆದರೆ ಕಾಲ್ನಡಿಗೆಯವನೆಂಬರ್ಥದ 'ಪೆಡೆಸ್ಟ್ರಿಯನ್', ಸೈಕಲಿನ 'ಪೆಡಲ್' ಇವೆರಡರಲ್ಲಿ ಮಗುವಿಲ್ಲ. ಅಲ್ಲಿರುವುದು ಲ್ಯಾಟಿನಿನ 'ಕಾಲು'. ನೋಡುವುದಕ್ಕೆ ಒಂದೇ ಆಗಿರುವ ಎರಡು ಬೇರುಗಳನ್ನು ಬೇರ್ಪಡಿಸಿ ತೋರಿಸುವ ಎಚ್ಚರ ಲೂಯಿಸರಲ್ಲಿದೆ. ಈ ಬಗೆಯಲ್ಲಿ ಒಂದು ಶಬ್ದ ಕಲಿತವನಿಗೆ ಐದಾರು ಶಬ್ದಗಳು ತಾವಾಗಿ ಒಲಿಯುತ್ತವೆ.

ಇನ್ನು ದೋಷಗಳನ್ನು ನೋಡೋಣ. ಗ್ರಂಥಕಾರರ ಕಣ್ಣ ಮುಂದಿರುವ ಓದುಗನು ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳ ಪ್ರಾಯದ ಅಮೆರಿಕನ್ನನು. ಅವನಿಗೆ ಊಟ, ಬಟ್ಟೆ, ಪೇಟೆ, ಪ್ರಯಾಣಗಳ ಇಂಗ್ಲಿಷು ಮೊದಲೇ ಬರುತ್ತದೆ. ಅವನಿಗೆ ಬೇಕಾದುದು ಮೇಲಂತಸ್ತು. ಆದುದರಿಂದಲೇ ಗ್ರಂಥದ ಆದಿಯಲ್ಲಿ ಮನುಷ್ಯದ್ವೇಷಿ, ಸ್ತ್ರೀದ್ವೇಷಿ, ವಿವಾಹದ್ವೇಷಿ ಮೊದಲಾದವರಿಗೆ ಗ್ರೀಕ್ ಮೂಲದ ಹೆಸರುಗಳು ಬರುತ್ತವೆ. ನಮ್ಮ ಏಳನೆಯ ತರಗತಿಯ ವಿದ್ಯಾರ್ಥಿಗೆ ತನ್ನ ಊರಿನ ಹೊಳೆಯ ಕುರಿತು ಮೂರು ವಾಕ್ಯ ಹೇಳುವುದೇ ಕಷ್ಟವಾಗಿರುವಾಗ, 'ಮಿಸಾಗಮಿಸ್ಟ್' ಎಂಬ ಶಬ್ದದಿಂದ ಅವನಿಗೇನು ಪ್ರಯೋಜನ? ನೆಲಗಟ್ಟಿಲ್ಲದ ಮನೆಗೆ ಗೋಪುರ ಇಟ್ಟಂತಾಗುತ್ತದೆ. ಗ್ರಂಥದ ತಪ್ಪೆಂದು ಇದನ್ನು ಹೇಳುವುದು ನ್ಯಾಯವಲ್ಲ. ಆದರೆ ನಮ್ಮ ಊರುಗಳಲ್ಲಿ ಈ ಪುಸ್ತಕವನ್ನು ಎಳೆಯರ ಕೈಗೆ ಕೊಟ್ಟು 'ಇದನ್ನು ಓದಿದರೆ ಇಂಗ್ಲಿಷು ಬರುತ್ತದೆ' ಎನ್ನುವವರ ತಪ್ಪೆಂದು ಹೇಳಲೇಬೇಕು.

ಇದಕ್ಕಿಂತ ಗಹನವಾದ ಕೊರತೆ ಇನ್ನೊಂದಿದೆ. ಇಂಗ್ಲಿಷಿನ ನಿಜವಾದ ಬಲವಿರುವುದು ಉದ್ದ ಶಬ್ದಗಳಲ್ಲಲ್ಲ, 'ಪುಟ್', 'ಗೆಟ್', 'ಟೇಕ್' ಎಂಬ ಗಿಡ್ಡ ಕ್ರಿಯಾಪದಗಳಲ್ಲಿ. 'ಪುಟ್ ಆನ್' ಎಂದರೆ ಧರಿಸುವುದು, 'ಪುಟ್ ಆಫ್' ಎಂದರೆ ಮುಂದೂಡುವುದು, 'ಪುಟ್ ಔಟ್' ಎಂದರೆ ದೀಪವನ್ನೋ ಬೆಂಕಿಯನ್ನೋ ಆರಿಸುವುದು. ಇವುಗಳ ಅರ್ಥವನ್ನು ಯಾವ ಗ್ರೀಕ್ ಧಾತುವೂ ಬಿಡಿಸಿಕೊಡಲಾರದು. ನಮ್ಮಲ್ಲಿ 'ಬರೆದುಕೊಂಡ', 'ಬರೆದುಬಿಟ್ಟ', 'ಬರೆದುಹಾಕಿದ', 'ಬರೆದುಕೊಟ್ಟ' ಎಂಬ ನಾಲ್ಕರ ಭೇದವನ್ನು ಕೋಶ ನೋಡಿ ಕಲಿತವರುಂಟೇ? ಕೇಳಿ, ಆಡಿ, ಓದಿ ಕಲಿತದ್ದು. ಇಂಗ್ಲಿಷಿನ ಈ ಪ್ರಯೋಗಗಳೂ ಹಾಗೆಯೇ ಬರಬೇಕು. ಧಾತುವಿಚಾರದ ಬೆಳಕು ಬೀಳದ ಈ ದೊಡ್ಡ ಕ್ಷೇತ್ರ ಇದೆಯೆಂಬುದನ್ನು ಗ್ರಂಥವನ್ನು ಹೊಗಳುವವರು ಮರೆಯುತ್ತಾರೆ.

ಶಬ್ದಸಂಪತ್ತು ಹೆಚ್ಚಾದಷ್ಟೂ ಬಾಳಿನಲ್ಲಿ ಯಶಸ್ಸು ಹೆಚ್ಚು ಎಂಬ ವಾದದಿಂದ ಲೂಯಿಸರು ಆರಂಭಿಸುತ್ತಾರೆ. ಬಹಳ ಓದಿದವನಲ್ಲಿ ಬಹಳ ಶಬ್ದಗಳಿರುತ್ತವೆ, ಬಹಳ ಓದಿದವನು ಮುಂದೆ ಬರುವುದೂ ಉಂಟು, ನಿಜ. ಆದರೆ ಅವನನ್ನು ಮುಂದೆ ತಂದದ್ದು ಓದು. ಶಬ್ದಗಳು ಆ ಓದಿನ ಗುರುತು. ಗದ್ದೆ ಉತ್ತವನ ಕಾಲಿಗೆ ಕೆಸರು ಹತ್ತಿರುತ್ತದೆ. ಕೆಸರು ಹಚ್ಚಿಕೊಂಡವನೆಲ್ಲ ಗದ್ದೆ ಉತ್ತವನಲ್ಲ. ಉಚ್ಚಾರಣೆಯ ವಿಷಯದಲ್ಲಿಯೂ ಒಂದು ತೊಡಕಿದೆ. ಗ್ರಂಥಕಾರರು ರೋಮನ್ ಅಕ್ಷರಗಳಿಂದಲೇ ಉಚ್ಚಾರವನ್ನು ಸೂಚಿಸುವರು. ನಮ್ಮ ಮಕ್ಕಳಿಗೆ ಅದು ಎರಡನೆಯ ಒಗಟು. ಅದರ ಬದಲು ಕನ್ನಡ ಲಿಪಿಯಲ್ಲಿ ಬರೆದುಕೊಟ್ಟರೆ ಬಹುಮಟ್ಟಿಗೆ ಸುಲಭ. ಆದರೂ ಯಾವ ಸ್ವರದ ಮೇಲೆ ಒತ್ತು ಬೀಳುತ್ತದೆಂಬುದನ್ನು ನಮ್ಮ ಲಿಪಿ ತೋರಿಸದು. 'ಫೋಟೋಗ್ರಾಫ್' ಎನ್ನುವಾಗ ಒತ್ತು ಮೊದಲಲ್ಲಿ, 'ಫೊಟಾಗ್ರಫಿ' ಎನ್ನುವಾಗ ಎರಡನೆಯ ಸ್ವರದಲ್ಲಿ. ಇದನ್ನು ಅಧ್ಯಾಪಕನ ಬಾಯಿಯೇ ಕಲಿಸಬೇಕು.

ಹಾಗಾದರೆ ಈ ಹಾದಿ ನಮ್ಮ ಮಕ್ಕಳಿಗಲ್ಲವೇ? ಅವರಿಗೂ ಹೌದೆಂಬುದೇ ನಮ್ಮ ಅಭಿಪ್ರಾಯ. ಆದರೆ ಅದರ ಹೊಸ್ತಿಲು ಇಂಗ್ಲಿಷಿನಲ್ಲಿಲ್ಲ, ಕನ್ನಡ ವ್ಯಾಕರಣದಲ್ಲಿದೆ. ಅಮೆರಿಕದ ಓದುಗನಿಗೆ ಲೂಯಿಸರು ಹೊಸತಾಗಿ ಹೇಳಿಕೊಡಬೇಕಾದ ಸಂಗತಿ ನಮ್ಮ ವಿದ್ಯಾರ್ಥಿಗೆ ಕನ್ನಡದ ತರಗತಿಯಲ್ಲಿ ಆಗಲೇ ದೊರೆತಿರುತ್ತದೆ. ಸಂಸ್ಕೃತದ 'ಹೃ' ಧಾತುವಿಗೆ ಒಯ್ಯುವುದು ಎಂದರ್ಥ. ಉಪಸರ್ಗ ಬದಲಾದಂತೆ ಆಹಾರ, ವಿಹಾರ, ಸಂಹಾರ, ಪರಿಹಾರ, ಪ್ರಹಾರ ಎಂದು ಅರ್ಥವೂ ಬದಲಾಗುತ್ತದೆ. ಲ್ಯಾಟಿನಿನ 'ಪೋರ್ಟ್' ಎಂಬುದಕ್ಕೂ ಹೊರುವುದು, ಒಯ್ಯುವುದು ಎಂದೇ ಅರ್ಥ. ಒಳಕ್ಕೆ ಒಯ್ದರೆ 'ಇಂಪೋರ್ಟ್', ಹೊರಕ್ಕೆ ಒಯ್ದರೆ 'ಎಕ್ಸ್‌ಪೋರ್ಟ್', ಆಚೆಗೆ ಒಯ್ದರೆ 'ಟ್ರಾನ್ಸ್‌ಪೋರ್ಟ್', ಸುದ್ದಿಯನ್ನು ಮರಳಿ ಹೊತ್ತು ತಂದರೆ 'ರಿಪೋರ್ಟ್', ಅಡಿಯಿಂದ ಹೊತ್ತುನಿಂತರೆ 'ಸಪೋರ್ಟ್'. ನಮ್ಮ ದಾರಿಯಲ್ಲಿ ಹೋಗುವ ಬಸ್ಸು ಕೇರಳದ್ದಿರಲಿ ಕರ್ನಾಟಕದ್ದಿರಲಿ, ಅದರ ಸಂಸ್ಥೆಯ ಹೆಸರಿನಲ್ಲಿ ಈ ಧಾತು ಇದ್ದೇ ಇದೆ.

ಸಂಧಿಯೂ ಹಾಗೆಯೇ. 'ಅಲ್ಲ' ಎಂಬರ್ಥದ 'ಇನ್' ಎಂಬ ಉಪಸರ್ಗವು 'ಲೀಗಲ್' ಎಂಬುದರ ಹಿಂದೆ ನಿಂತಾಗ 'ಇಲ್ಲೀಗಲ್' ಏಕಾಗುತ್ತದೆ, 'ರೆಗ್ಯುಲರ್' ಹಿಂದೆ 'ಇರ್ರೆಗ್ಯುಲರ್' ಏಕಾಗುತ್ತದೆ ಎಂದು ಇಂಗ್ಲಿಷ್ ಮಗು ಬೆರಗಾಗಬಹುದು. 'ಉತ್' ಮತ್ತು 'ಲೇಖ' ಕೂಡಿ 'ಉಲ್ಲೇಖ'ವಾದುದನ್ನೂ, 'ಸತ್' ಮತ್ತು 'ಜನ' ಕೂಡಿ 'ಸಜ್ಜನ'ವಾದುದನ್ನೂ ಬಲ್ಲ ಮಗು ಬೆರಗಾಗಬೇಕಾದುದಿಲ್ಲ. 13ನೆಯ ಶತಮಾನದ ಕೇಶಿರಾಜನು ವಿವರಿಸಿದ ತತ್ಸಮ-ತದ್ಭವಗಳೂ ಇಂಗ್ಲಿಷಿನಲ್ಲಿ ಉಂಟು. ನಮಗೆ 'ಪಕ್ಷಿ'ಯೂ ಇದೆ, ಅದು ಸವೆದು ಬಂದ 'ಹಕ್ಕಿ'ಯೂ ಇದೆ. ಇಂಗ್ಲಿಷರು ಲ್ಯಾಟಿನಿನಿಂದ ನೇರವಾಗಿ ತೆಗೆದುಕೊಂಡ 'ಫ್ರ್ಯಾಜೈಲ್' ಎಂಬುದೂ, ಅದೇ ಶಬ್ದವು ಫ್ರೆಂಚರ ನಾಲಗೆಯಲ್ಲಿ ಸವೆದು ಬಂದ 'ಫ್ರೇಲ್' ಎಂಬುದೂ ಅಕ್ಕತಂಗಿಯರು. 'ಟೆಲಿವಿಷನ್' ಎಂಬಲ್ಲಿ ದೂರವೆಂಬ ಗ್ರೀಕ್ ಶಬ್ದವೂ ನೋಟವೆಂಬ ಲ್ಯಾಟಿನ್ ಶಬ್ದವೂ ಕೂಡಿವೆ. ನಮ್ಮ ವೈಯಾಕರಣರ ಮುಂದೆ ತಂದಿದ್ದರೆ ಅರಿಸಮಾಸವೆಂದು ಹೊರಗೆ ನಿಲ್ಲಿಸುತ್ತಿದ್ದರೇನೋ! ಇನ್ನು 'ಬಸ್' ಎಂಬ ಶಬ್ದ. 'ಎಲ್ಲರಿಗಾಗಿ' ಎಂಬರ್ಥದ 'ಆಮ್ನಿಬಸ್' ಎಂಬ ಲ್ಯಾಟಿನ್ ಚತುರ್ಥೀ ಬಹುವಚನದ ರೂಪದಲ್ಲಿ ಪ್ರಕೃತಿಯೆಲ್ಲ ಬಿದ್ದುಹೋಗಿ ವಿಭಕ್ತಿಯ ಬಾಲವೊಂದೇ ಉಳಿದದ್ದು ಅದು. ನಮ್ಮ 'ಎಲ್ಲರಿಗೆ' ಎಂಬುದರಲ್ಲಿ 'ಗೆ' ಎಂಬುದೊಂದನ್ನೇ ಉಳಿಸಿಕೊಂಡು, ಅದರ ಮೇಲೆ ಹತ್ತಿ ಮಂಗಳೂರಿಗೆ ಹೋದಂತೆ! ವಿಭಕ್ತಿ ಬಲ್ಲ ಮಗುವಿಗೆ ಈ ವಿನೋದ ದಕ್ಕುತ್ತದೆ, ದಕ್ಕಿದ್ದು ಮರೆಯುವುದಿಲ್ಲ.

ಗಡಿನಾಡಿನ ಮಕ್ಕಳಿಗೆ ಇನ್ನೊಂದು ಭಾಗ್ಯವಿದೆ. ಅದನ್ನು ನಾವು ಹೊರೆಯೆಂದೇ ಎಣಿಸುತ್ತ ಬಂದಿದ್ದೇವೆ. ಮನೆಯಲ್ಲಿ ತುಳುವೋ ಕೊಂಕಣಿಯೋ ಹವ್ಯಕ ಕನ್ನಡವೋ, ಶಾಲೆಯಲ್ಲಿ ಗ್ರಾಂಥಿಕ ಕನ್ನಡ, ಪೇಟೆಯಲ್ಲಿ ಮಲೆಯಾಳ. ಈ ಮಕ್ಕಳು ಕಲಿಯದೆಯೇ ಭಾಷೆಗಳನ್ನು ಹೋಲಿಸಬಲ್ಲರು. ಮಲೆಯಾಳದ 'ಪಾಲ್' ನಮಗೆ 'ಹಾಲು', 'ಪುಲಿ'ಯು 'ಹುಲಿ', 'ಪಲ್ಲ್' ಎಂಬುದು 'ಹಲ್ಲು', 'ಪತ್ತ್' ಎಂಬುದು 'ಹತ್ತು'. ಅಲ್ಲಿ ಪಕಾರವಿದ್ದರೆ ಇಲ್ಲಿ ಹಕಾರವೆಂಬ ಈ ನಿಯಮವನ್ನು ನಮ್ಮ ಐದನೆಯ ತರಗತಿಯ ಮಗು ತಾನೇ ಕಂಡುಹಿಡಿಯಬಲ್ಲುದು. 1822ರಲ್ಲಿ ಜರ್ಮನಿಯ ಯಾಕೋಬ್ ಗ್ರಿಮ್ ವಿವರಿಸಿದ ಪ್ರಸಿದ್ಧ ಧ್ವನಿನಿಯಮವೂ ಇದೇ ತೆರನಾದುದು. ಸಂಸ್ಕೃತ, ಗ್ರೀಕ್, ಲ್ಯಾಟಿನುಗಳಲ್ಲಿ ಪಕಾರವಿರುವಲ್ಲಿ ಇಂಗ್ಲಿಷಿನಲ್ಲಿ ಫಕಾರ, ದಕಾರವಿರುವಲ್ಲಿ ಟಕಾರ. 'ಪಿತೃ' ಎಂಬುದಕ್ಕೆ 'ಫಾದರ್', 'ಪಾದ'ಕ್ಕೆ 'ಫುಟ್', 'ದಶ'ಕ್ಕೆ 'ಟೆನ್', 'ದ್ವಿ'ಗೆ 'ಟೂ'. ತಿಂಗಳುಗಳ ಹೆಸರನ್ನೇ ನೋಡಿ: ಸೆಪ್ಟೆಂಬರಿನಲ್ಲಿ ಸಪ್ತವಿದೆ, ಅಕ್ಟೋಬರಿನಲ್ಲಿ ಅಷ್ಟವಿದೆ, ನವೆಂಬರಿನಲ್ಲಿ ನವವಿದೆ, ಡಿಸೆಂಬರಿನಲ್ಲಿ ದಶವಿದೆ. ರೋಮನರ ಹಳೆಯ ವರ್ಷ ಮಾರ್ಚಿಯಲ್ಲಿ ಆರಂಭವಾಗುತ್ತಿದ್ದುದೇ ಈ ಎಣಿಕೆಗೆ ಕಾರಣ. ಕನ್ನಡವು ದ್ರಾವಿಡ ಭಾಷೆ. ಇಂಗ್ಲಿಷಿಗೂ ಅದಕ್ಕೂ ಹುಟ್ಟಿನ ನಂಟಿಲ್ಲ. ಆದರೂ ಕನ್ನಡದ ಉಡಿಯಲ್ಲಿರುವ ಸಂಸ್ಕೃತ ಶಬ್ದಗಳು ಆ ದೂರದ ಮನೆಗೆ ಬೀಗದ ಕೈಯಾಗುತ್ತವೆ.

ಇಂಗ್ಲಿಷಿನವರು ನಮ್ಮ ಕರಾವಳಿಯಿಂದ ಒಯ್ದ ಶಬ್ದಗಳಂತೂ ಬೇರೆಯೇ ಇವೆ. ಮಲೆಯಾಳದ 'ಅಡಕ್ಕ' ಪೋರ್ತುಗೀಸರ ಬಾಯಿಯಿಂದ 'ಅರೆಕಾ' ಆಯಿತು. ನಮ್ಮ 'ಅಡಕೆ' ಅದರ ಸೋದರಿ. 'ಕೊಪ್ಪರ' ಎಂಬುದು 'ಕೊಪ್ರಾ' ಆಯಿತು, 'ಕಯರ್' ಎಂಬ ನಾರುಹಗ್ಗ 'ಕಾಯರ್' ಆಯಿತು, 'ವೆತ್ತಿಲ' 'ಬೀಟಲ್' ಆಯಿತು, 'ಚಕ್ಕ' ಎಂಬ ಹಲಸು 'ಜ್ಯಾಕ್' ಆಯಿತು. ತೋಟದ ಅಂಚಿನಲ್ಲಿ ನಿಂತ ಹುಡುಗನಿಗೆ 'ಈ ಇಂಗ್ಲಿಷ್ ಶಬ್ದ ನಿನ್ನ ಅಜ್ಜನ ತೋಟದಿಂದ ಹೋದದ್ದು' ಎಂದು ಹೇಳಿನೋಡಿ. ಇಂಗ್ಲಿಷಿನ ಭಯ ಅರ್ಧ ಇಳಿಯುತ್ತದೆ. ಲೂಯಿಸರ ಗ್ರಂಥದಲ್ಲಿ ಈ ಶಬ್ದಗಳನ್ನು ಹುಡುಕುವುದು ವ್ಯರ್ಥ. ಅವರ ಓದುಗನಿಗೆ ಅಡಕೆತೋಟವಿಲ್ಲ. ನಮ್ಮ ಮಗುವಿಗಿದೆ.

ಆದರೆ ಈ ಹಾದಿಯಲ್ಲಿ ಹಳ್ಳಗಳೂ ಇವೆಯೆಂದು ಎಚ್ಚರಿಸದಿದ್ದರೆ ವಿಮರ್ಶೆ ಪೂರ್ಣವಾಗದು. ಹೋಲಿಕೆಯೆಲ್ಲ ನಂಟಲ್ಲ. ನಮ್ಮ 'ಅಟ್ಟ'ವೂ ಇಂಗ್ಲಿಷಿನ 'ಆಟಿಕ್' ಎಂಬುದೂ ಕೇಳುವುದಕ್ಕೂ ಸಮೀಪ, ಅರ್ಥದಲ್ಲಿಯೂ ಒಂದೇ. ಹೀಗಿದ್ದರೂ ಆ ಶಬ್ದವು ಗ್ರೀಸಿನ 'ಆಟಿಕಾ' ಎಂಬ ಪ್ರಾಂತದ ಕಟ್ಟಡಶೈಲಿಯಿಂದ ಬಂದುದು. ಅಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಕಿವಿಗೆ ಹಿತವಾದುದನ್ನೆಲ್ಲ ವ್ಯುತ್ಪತ್ತಿಯೆಂದು ಸಾರುವ ಪಂಡಿತರು ಎಲ್ಲ ಭಾಷೆಗಳಲ್ಲಿಯೂ ಇದ್ದಾರೆ. ಅಧ್ಯಾಪಕನು ಅವರ ಸಾಲಿಗೆ ಸೇರಬಾರದು, ಕೋಶ ನೋಡಿಯೇ ಹೇಳಬೇಕು. ಉಪಸರ್ಗವೂ ಒಮ್ಮೊಮ್ಮೆ ಮೋಸಮಾಡುತ್ತದೆ. 'ಇನ್' ಎಂದರೆ 'ಅಲ್ಲ' ಎಂದಷ್ಟೇ ಕಲಿತ ಮಗು, ಪೆಟ್ರೋಲು ತುಂಬಿದ ಲಾರಿಯ ಹಿಂಬದಿಯಲ್ಲಿ 'ಇನ್‌ಫ್ಲೇಮಬಲ್' ಎಂದು ಬರೆದಿದ್ದರೆ 'ಉರಿಯದ್ದು' ಎಂದು ತಿಳಿದೀತು. ಅಲ್ಲಿ ಅದರ ಅರ್ಥ 'ಬೇಗ ಹೊತ್ತಿಕೊಳ್ಳುವಂತಹುದು' ಎಂದು. ಅರೆಕಲಿಕೆ ಇಲ್ಲಿ ಪ್ರಾಣಕ್ಕೇ ಮುಳುವಾದೀತು.

ಮೂರನೆಯದಾಗಿ, ಬೇರಿನ ಅರ್ಥವೇ ಇಂದಿನ ಅರ್ಥವಲ್ಲ. 'ಎಣ್ಣೆ' ಎಂಬುದು ಎಳ್ಳಿನ ನೆಯ್ ಎಂಬುದರಿಂದ ಬಂದ ಶಬ್ದ. ನಮ್ಮೂರಿನ ತೆಂಗಿನೆಣ್ಣೆಯಲ್ಲಿ ಎಳ್ಳೂ ಇಲ್ಲ, ನೆಯ್ಯೂ ಇಲ್ಲ. ಆದರೂ ಅದು ಎಣ್ಣೆಯೇ. 'ಮ್ಯಾನ್ಯುಫ್ಯಾಕ್ಚರ್' ಎಂಬಲ್ಲಿ ಲ್ಯಾಟಿನಿನ 'ಕೈ' ಇದೆ, ಕೈಯಿಂದ ಮಾಡುವುದೆಂಬ ಅರ್ಥವಿತ್ತು. ಇಂದು ಯಂತ್ರದಿಂದ ಮಾಡಿದುದಕ್ಕೇ ಆ ಹೆಸರು. ಆದುದರಿಂದ ಧಾತುವು ದಾರಿಯ ದೀಪ. ಊರು ತಲುಪಿಸುವುದು ಪ್ರಯೋಗ. ಕಲಿತ ಶಬ್ದವನ್ನು ವಾಕ್ಯದಲ್ಲಿ ಕಾಣದೆ, ವಾಕ್ಯದಲ್ಲಿ ಆಡದೆ, ಯಾವ ಶಬ್ದವೂ ತನ್ನದಾಗುವುದಿಲ್ಲ.

ಇಷ್ಟನ್ನು ತರಗತಿಗೆ ಅನ್ವಯಿಸುವುದು ಹೇಗೆ? ಕೆಳಗಿನ ತರಗತಿಗಳಲ್ಲಿ ಧಾತುವಿನ ಹೆಸರೆತ್ತದೆ, ತಿಂಗಳುಗಳ ಹೆಸರು, ಬಸ್ಸಿನ ಕತೆ, ತೋಟದ ಶಬ್ದಗಳು ಇವಿಷ್ಟನ್ನೇ ಹೇಳಿದರೆ ಸಾಕು. ಐದನೆಯ ತರಗತಿಯಿಂದ ಮೇಲೆ ವಾರಕ್ಕೊಂದು ಧಾತು. ಕಾಪಿ ಪುಸ್ತಕದ ಒಂದು ಪುಟದಲ್ಲಿ ಮರವೊಂದನ್ನು ಬರೆದು, ಬೇರಿನಲ್ಲಿ ಧಾತುವನ್ನೂ ಕೊಂಬೆಗಳಲ್ಲಿ ಶಬ್ದಗಳನ್ನೂ ಮಗುವೇ ತುಂಬಲಿ; ಬದಿಯಲ್ಲಿ ಅಂತಹುದೇ ಒಂದು ಕನ್ನಡದ ಮರವಿರಲಿ. ಪ್ರತಿಯೊಂದು ಶಬ್ದಕ್ಕೂ ತನ್ನ ಮನೆ, ಶಾಲೆ, ಪೇಟೆಗಳಿಗೆ ಸಂಬಂಧಿಸಿದ ಒಂದು ವಾಕ್ಯವಿರಲಿ. ಹತ್ತು ಶಬ್ದಗಳ ಪಟ್ಟಿಗೆ ತಗಲುವ ಹೊತ್ತಿನಲ್ಲಿಯೇ ಇದು ಸಾಧ್ಯ. ಲೂಯಿಸರ ಗ್ರಂಥವು ಅಷ್ಟರವರೆಗೆ ಅಧ್ಯಾಪಕನ ಮೇಜಿನ ಮೇಲಿರತಕ್ಕದ್ದು; ಪ್ರೌಢಶಾಲೆಯನ್ನು ದಾಟಿದ ಮೇಲೆ ವಿದ್ಯಾರ್ಥಿಯ ಕೈಗೆ ಹೋಗತಕ್ಕದ್ದು. ಆಗ ಅದು ಅವನಿಗೆ ಒಳ್ಳೆಯ ಗೆಳೆಯನಾಗುತ್ತದೆ.

ಅಧ್ಯಾಪಕನಿಗೆ ಆಧಾರಗ್ರಂಥಗಳ ಬರವಿಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರು ಅಚ್ಚುಹಾಕಿದ ಕಿಟ್ಟೆಲರ ಕನ್ನಡ-ಇಂಗ್ಲಿಷ್ ಕೋಶವಿದೆ. ಪಾ. ವೆಂ. ಆಚಾರ್ಯರ 'ಪದಾರ್ಥ ಚಿಂತಾಮಣಿ' ಇದೆ. ಜಿ. ವೆಂಕಟಸುಬ್ಬಯ್ಯನವರು 1991ರಿಂದ 'ಪ್ರಜಾವಾಣಿ'ಯಲ್ಲಿ ನಡೆಸಿದ 'ಇಗೋ ಕನ್ನಡ' ಇದೆ. ಶಬ್ದದ ಹುಟ್ಟನ್ನು ಕುರಿತು ಇಷ್ಟು ರಸವತ್ತಾಗಿ ಬರೆದ ಹಿರಿಯರು ನಮ್ಮಲ್ಲಿರುವಾಗ, ಶಬ್ದಾಭ್ಯಾಸವನ್ನು ಅಮೆರಿಕದಿಂದ ಬಂದ ಹೊಸ ವಿದ್ಯೆಯೆಂದು ಬಗೆಯುವುದು ತಕ್ಕುದಲ್ಲ.

ಒಟ್ಟಿನಲ್ಲಿ, ಲೂಯಿಸರ ಕ್ರಮವು ಗ್ರಾಹ್ಯ, ಅವರ ಶಬ್ದಪಟ್ಟಿ ನಮ್ಮ ಎಳೆಯರಿಗೆ ಅಗ್ರಾಹ್ಯ. ಆ ಕ್ರಮಕ್ಕೆ ಬೇಕಾದ ಉಪಸರ್ಗ, ಪ್ರತ್ಯಯ, ಸಂಧಿ, ವಿಭಕ್ತಿಗಳ ಅರಿವು ಕನ್ನಡ ಮಾಧ್ಯಮದ ಮಗುವಿನಲ್ಲಿ ಆಗಲೇ ಇದೆ. ಅದನ್ನು ಇಂಗ್ಲಿಷಿನ ಗಂಟೆಯಲ್ಲಿ ಬಳಸಿಕೊಳ್ಳದಿರುವುದೇ ಇಲ್ಲಿಯವರೆಗಿನ ನಷ್ಟ. ಕನ್ನಡದ ಗಂಟೆ ಮುಗಿದು ಇಂಗ್ಲಿಷಿನ ಗಂಟೆ ಆರಂಭವಾಗುವಾಗ ವ್ಯಾಕರಣದ ಪುಸ್ತಕವನ್ನು ಮುಚ್ಚಿ ಒಳಗಿಡಬೇಡಿ ಎಂಬುದಷ್ಟೇ ಅಧ್ಯಾಪಕ ಬಾಂಧವರಲ್ಲಿ ನಮ್ಮ ಬಿನ್ನಹ.